ಪ್ರವಾಸಕ್ಕೆ ಬುತ್ತಿ ಕಟ್ಟಬೇಡಿ

ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳ ಹೆತ್ತವರದ್ದು ಒಂದು ಕ್ರಮ ಇದೆ. ರಜೆ ಸಿಕ್ಕಿತೆಂದರೆ ಕಾರಿನ ಮೂತಿ ಬಡಗಿಗೇ. ಮಂಗಳೂರು, ಉಡುಪಿ, ಹೆಚ್ಚೆಂದರೆ ಮೈಸೂರು. ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋಗುವುದು ಆಫೀಸು ಕೆಲಸಕ್ಕೆ, ಇಲ್ಲವೇ ಶಾಲಾ ಕಲೋತ್ಸವಕ್ಕೆ. ಆಗಲೂ ಡಿಕ್ಕಿಯಲ್ಲಿ ಬುತ್ತಿ. "ಅಲ್ಲಿನ ಊಟ ನಮಗೆ ಹಿಡಿಸುವುದಿಲ್ಲ ಮಾಸ್ಟ್ರೇ" ಅನ್ನುತ್ತಾರೆ. ತಿಂದು ನೋಡಿ ಹೇಳಿದವರು ಕಡಿಮೆ.

ಕಳೆದ ಮೇ ರಜೆಯಲ್ಲಿ ಅಮ್ಮ, ಹೆಂಡತಿ, ಇಬ್ಬರು ಮಕ್ಕಳ ಜೊತೆ ಮಂಜೇಶ್ವರದಿಂದ ತಲಶ್ಶೇರಿಯವರೆಗೆ ಹೋಗಿ ಬಂದೆ. ಎರಡು ದಿನ, ಬುತ್ತಿ ಇಲ್ಲದೆ. ಆರು ಪಥದ ಹೊಸ ಹೆದ್ದಾರಿಯಲ್ಲಿ ಹೋದರೆ ಬೇಗ ತಲುಪಬಹುದು, ಆದರೆ ಊರೂ ಇಲ್ಲ, ಚಾ ಅಂಗಡಿಯೂ ಇಲ್ಲ. ಹಾಗಾಗಿ ಕಾಸರಗೋಡಿನಲ್ಲಿ ಅದನ್ನು ಬಿಟ್ಟು, ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ, ಬೇಕಲದ ದಾರಿ ಹಿಡಿದೆವು.

ಉದುಮದ ಹತ್ತಿರ ಅಮ್ಮ ಬೊಂಡ ಬೇಕೆಂದರು. ಅಂಗಡಿಯವನು "ಇಳನೀರೋ?" ಅಂದ. ಮಗಳು, "ಅದು ನಮ್ಮ ಪುಸ್ತಕದ ಎಳನೀರೇ ಅಲ್ಲವಾ?" ಎಂದಳು. ನೋಡಿ, ಗ್ರಂಥದ ಕನ್ನಡಕ್ಕೆ ನಮ್ಮ ಬೊಂಡಕ್ಕಿಂತ ಅವನ ಮಾತೇ ಹತ್ತಿರ! (ಬೆಂಗಳೂರಿನವರಿಗೆ ಬೊಂಡ ಅಂದರೆ ಎಣ್ಣೆಯಲ್ಲಿ ಕರಿದದ್ದು, ಅದು ಬೇರೆ ಕತೆ.)

ಆಮೇಲೆ ದಾರಿಯುದ್ದಕ್ಕೂ ಮಕ್ಕಳಿಗೆ ಅದೇ ಆಟ. ಪಾಲ್ ಅಂದರೆ ಹಾಲು. ಪುಳಿ ಅಂದರೆ ಹುಳಿ. ಪಳಂಪೊರಿಯ 'ಪೊರಿ' ನಮ್ಮ 'ಹುರಿ'. ಹಳೆಗನ್ನಡದಲ್ಲಿ ಪಕಾರ ಇದ್ದಲ್ಲಿ ಮುಂದೆ ಹಕಾರ ಬಂತು ಎಂದು ಹೈಸ್ಕೂಲಿನಲ್ಲಿ ನಾವು ಬೋರ್ಡಿನ ಮೇಲೆ ಎಷ್ಟು ಬರೆದರೂ ಮಕ್ಕಳು ಆಕಳಿಸುತ್ತಾರೆ. ಚಾ ಅಂಗಡಿಯ ಬೆಂಚಿನಲ್ಲಿ ಅದು ಹತ್ತು ನಿಮಿಷದಲ್ಲಿ ತಲೆಗೆ ಹೋಯಿತು. ಮಲಯಾಳ ಕಿವಿಗೆ ಬಿದ್ದರೆ ಮಕ್ಕಳ ಕನ್ನಡ ಕೆಡುತ್ತದೆ ಎಂಬ ಹೆದರಿಕೆ ಇರುವವರು ಇದನ್ನೊಂದು ಯೋಚಿಸಬೇಕು.

ಚೆರುವತ್ತೂರಿನಲ್ಲಿ ಸಂಜೆ ಚಾಕ್ಕೆ ಅರಿಕಡುಕ್ಕ ಸಿಕ್ಕಿತು. ನಮ್ಮ ತುಳುವಿನ ಪಚ್ಚಿಲೆ ಇದೆಯಲ್ಲ, ಅದರ ಚಿಪ್ಪಿನೊಳಗೆ ಅಕ್ಕಿ, ತೆಂಗಿನಕಾಯಿ, ಸಣ್ಣ ಈರುಳ್ಳಿ, ಬಡೆಸೋಂಪು ಅರೆದ ಹಿಟ್ಟು ತುಂಬಿಸಿ ಹಬೆಯಲ್ಲಿ ಬೇಯಿಸುತ್ತಾರೆ. ಮತ್ತೆ ಚಿಪ್ಪು ಬಿಡಿಸಿ, ಮೆಣಸಿನ ಮಸಾಲೆ ಹಚ್ಚಿ ಎಣ್ಣೆಯಲ್ಲಿ ಕಾಯಿಸುವುದು. ಹತ್ತಿರದ ಪಡನ್ನ, ವಲಿಯಪರಂಬ ಕಡೆ ಹಿನ್ನೀರಿನಲ್ಲಿ ಇದನ್ನು ಕೃಷಿಯ ಹಾಗೆ ಬೆಳೆಸುತ್ತಾರೆ. ಮರಿಗಳನ್ನು ಬಟ್ಟೆಯಲ್ಲಿ ಸುತ್ತಿ ಹಗ್ಗಕ್ಕೆ ಹೊಲಿದು, ಬಿದಿರಿನ ಚಪ್ಪರದಿಂದ ನೀರಿಗೆ ಇಳಿಬಿಡುವುದು. ಮಳೆ ಬಂದು ನೀರಿನ ಉಪ್ಪು ಇಳಿಯುವ ಮೊದಲು ಕೊಯ್ಲು ಮುಗಿಯಬೇಕು. ಅಂಥದ್ದು ನಮ್ಮ ಜಿಲ್ಲೆಯಲ್ಲೇ ಇದ್ದೂ ನಮ್ಮ ಎಷ್ಟು ಮಕ್ಕಳು ನೋಡಿದ್ದಾರೆ?

ಮೀನು ತಿನ್ನದವರು ಮುಖ ಸಿಂಡರಿಸುವುದು ಬೇಡ. ಅಂದು ಶನಿವಾರ, ಅಮ್ಮ ಮೀನು ಮುಟ್ಟುವುದಿಲ್ಲ. ಪುಟ್ಟು ಕಡಲೆ, ಬೆಲ್ಲದ ಕಲತ್ತಪ್ಪದಲ್ಲೇ ಅವರ ಹೊಟ್ಟೆ ತುಂಬಿತು. ತಲಶ್ಶೇರಿಯ ಸಣ್ಣಕ್ಕಿ ಬಿರಿಯಾನಿಯನ್ನು ಎಲ್ಲರೂ ಹೊಗಳುತ್ತಾರೆ, ನಾನು ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಮಾತು ಇದೆ, ಇದು ಸ್ವಲ್ಪ ಖಾರ. ಹಿಂದಿರುಗುವಾಗ ಚಂದ್ರಗಿರಿಯಿಂದ ಈಚೆ, ನಮ್ಮದೇ ನೆಲದ ಒಂದು ಹೋಟೆಲಿನಲ್ಲಿ ಕೂತೆವು. ಮೆನುವಿನಲ್ಲಿ ಮಲಯಾಳ ಇತ್ತು, ಇಂಗ್ಲಿಷ್ ಇತ್ತು. ಕನ್ನಡದ ಒಂದಕ್ಷರ ಇಲ್ಲ. ಬಡಿಸುವವನಿಗೆ ತುಳು ಬರುತ್ತದೆ, ಗಲ್ಲಾದಲ್ಲಿದ್ದವರಿಗೆ ಕನ್ನಡ ಬರುತ್ತದೆ. ಆದರೂ ಬಂಗುಡೆ ಅಲ್ಲಿ ಬರೀ ಅಯಲ, ಬೂತಾಯಿ ಬರೀ ಮತ್ತಿ, ಅಂಜಲ್ ಬರೀ ಅಯಕೂರ. ಮಕ್ಕಳು ಎರಡು ಹೆಸರನ್ನೂ ಕಲಿಯಲಿ ಎಂದೇ ನನ್ನ ವಾದ. ಒಂದನ್ನು ಒರೆಸಿ ಇನ್ನೊಂದನ್ನು ಕಲಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯುವ ಹಕ್ಕು ನಮಗೆ ಕೇರಳದ 1969ರ ಭಾಷಾ ಕಾಯಿದೆಯಲ್ಲಿದೆ. ಹೋಟೆಲಿನ ಮೆನುವಿಗೆ ಅಂಥ ಕಾಯಿದೆ ಇಲ್ಲ, ಗಿರಾಕಿಯೇ ಬಾಯಿ ಬಿಟ್ಟು ಕೇಳಬೇಕು. ನಾನು ಕೇಳಿದೆ. "ಕನ್ನಡದಲ್ಲಿ ಯಾರೂ ಕೇಳುವುದಿಲ್ಲ ಮಾಸ್ಟ್ರೇ" ಎಂದರು, ಕನ್ನಡದಲ್ಲೇ. ನೀವೂ ಹೋದಾಗ ಕೇಳಿ.

ಮುಂದಿನ ಮೇ ರಜೆಗೆ ತೆಂಕಕ್ಕೆ ಹೊರಡುವುದಾದರೆ ಡಬ್ಬಿ ತೆಗೆದುಕೊಳ್ಳಿ, ಆದರೆ ಖಾಲಿ ಇರಲಿ. ಬರುವಾಗ ಕಲತ್ತಪ್ಪ ತುಂಬಿಸಲಿಕ್ಕೆ ಬೇಕಾಗುತ್ತದೆ.