ಅನ್ನಕ್ಕೆ ಕಾಡಿಸುವುದೂ ನಿಧಾನವಾಗಿ ಉಣಿಸುವುದೂ ಒಂದೇ ಅಲ್ಲ

ನಮ್ಮ ಮನೆಯ ಲ್ಯಾಬ್ರಡಾರ್ ನಾಯಿ ಭೀಮನಿಗೆ ಆಹಾರ ಉದುರಿಸುವ ಆಟಿಕೆಯೊಂದನ್ನು ತಂದ ಸುದ್ದಿ ಬಂಧುಬಳಗದಲ್ಲಿ ಹರಡಿದಂದಿನಿಂದ ನನಗೆ ಉಪದೇಶಗಳ ಸುರಿಮಳೆಯಾಗುತ್ತಿದೆ. ಭಾಲ್ಕಿಯಲ್ಲಿರುವ ನನ್ನ ಭಾವನವರದು ಧರ್ಮದ ಮಾತು. ಮೂಕಪ್ರಾಣಿಗೆ ಅನ್ನದ ವಾಸನೆ ತೋರಿಸಿ ಅದನ್ನು ಬಾಯಿಗೆಟುಕದಂತೆ ಮುಚ್ಚಿಡುವುದು ಪಾಪ; ಖಾನಾಪುರದ ಮೈಲಾರ ಮಲ್ಲಣ್ಣನ ಸೀಮೆಯಲ್ಲಿ ಹುಟ್ಟಿದವರು ಆ ದೇವರ ಸಂಗಾತಿಯಾದ ನಾಯಿಯನ್ನು ಹೀಗೆ ಗೋಳುಹೊಯ್ದುಕೊಳ್ಳಬಾರದು ಎಂದು ಅವರ ವಾದ. ಔರಾದಿನ ಹಳೆಯ ವಿದ್ಯಾರ್ಥಿಯೊಬ್ಬನದು ವ್ಯವಹಾರದ ಮಾತು: "ಸರ್, ನಾಯಿಗಿ ಆಟದ ಸಾಮಾನ ಬೇಕೇನ್ರಿ? ಬಟ್ಟಲದಾಗ ಒಂದು ಕಲ್ಲ ಇಡ್ರಿ, ಸಾಕು." ಇನ್ನು ಬೆಂಗಳೂರು, ಹೈದರಾಬಾದುಗಳಲ್ಲಿ ಉದ್ಯೋಗದಲ್ಲಿರುವ ತರುಣ ಬಂಧುಗಳು ಉಪದೇಶದ ಗೋಜಿಗೇ ಹೋಗುವುದಿಲ್ಲ. ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ, ಇದ್ದುದರಲ್ಲಿ ಹೆಚ್ಚು ಬೆಲೆಯದನ್ನು ತರಿಸಿ ನನ್ನ ಮನೆಗೆ ಕಳುಹಿಸಿಬಿಡುತ್ತಾರೆ.

ಈ ಮೂವರಲ್ಲಿ ಸತ್ಯಕ್ಕೆ ಹೆಚ್ಚು ಸಮೀಪದಲ್ಲಿರುವವರು ಭಾವನವರೇ ಎಂದರೆ ಕೆಲವರಿಗೆ ಅಚ್ಚರಿಯಾಗಬಹುದು. ಅಂಗಡಿಯಲ್ಲಿ ದೊರೆಯುವ ಆಟಿಕೆಗಳಲ್ಲಿ ನಿಜವಾಗಿಯೂ ನಾಯಿಯನ್ನು ಅನ್ನಕ್ಕೆ ಕಾಡಿಸುವಂಥವು ಬಹಳ ಇವೆ. ಆದರೆ ಅನ್ನವನ್ನು ತಡವಾಗಿಯಾದರೂ ತಪ್ಪದೆ ಕೊಡುವಂಥವೂ ಅದೇ ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಕುಳಿತಿವೆ. ಮೊದಲನೆಯದರ ಪಾಪವನ್ನು ಎರಡನೆಯದರ ತಲೆಗೆ ಕಟ್ಟಲಾಗದು. ಆರಿಸುವವನಿಗೆ ಈ ಭೇದ ತಿಳಿದಿರಬೇಕು ಎಂಬುದಷ್ಟೇ ನನ್ನ ತಕರಾರು.

ನಾಯಿ ಬೇಗ ತಿಂದರೆ ಕೆಡುವುದೇನು ಎಂಬ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ. ದೇವಣಿ ಎತ್ತು ಹಸಿಮೇವು ತಿಂದು ಹೊಟ್ಟೆ ಉಬ್ಬಿಸಿಕೊಂಡರೆ ನಡುರಾತ್ರಿಯಲ್ಲೂ ಎದ್ದು ಓಡುವ ನಮ್ಮ ರೈತ, ನಾಯಿಗೂ ಹೊಟ್ಟೆ ಉಬ್ಬರ ಬರುತ್ತದೆ ಎಂದರೆ ನಗುತ್ತಾನೆ. ದೊಡ್ಡ ಗಾತ್ರದ, ಆಳವಾದ ಎದೆಗೂಡಿನ ನಾಯಿಗಳಲ್ಲಿ ಜಠರವು ಗಾಳಿ ತುಂಬಿ ಉಬ್ಬಿ, ತನ್ನ ಸುತ್ತ ತಾನೇ ತಿರುಚಿಕೊಳ್ಳುವ ರೋಗವೊಂದಿದೆ. ತಿರುಚಿಕೊಂಡ ಮೇಲೆ ಒಳಗಿನದು ಮೇಲಕ್ಕೂ ಬಾರದು, ಕೆಳಕ್ಕೂ ಇಳಿಯದು, ರಕ್ತಸಂಚಾರ ಕಟ್ಟುತ್ತದೆ, ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗದಿದ್ದರೆ ಪ್ರಾಣಿ ಉಳಿಯದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಗ್ಲಿಕ್‌ಮನ್ ಮತ್ತು ಸಂಗಡಿಗರು ದೊಡ್ಡ ತಳಿಗಳ 1,637 ನಾಯಿಗಳನ್ನು ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ರೋಗದ ಅಪಾಯವನ್ನು ಹೆಚ್ಚಿಸುವ ಅಂಶಗಳಾಗಿ ಕಂಡವು ನಾಲ್ಕು: ಏರುವ ವಯಸ್ಸು, ತಾಯಿತಂದೆ ಅಥವಾ ಒಡಹುಟ್ಟುಗಳಲ್ಲಿ ಆ ರೋಗ ಇದ್ದುದು, ವೇಗವಾಗಿ ತಿನ್ನುವುದು, ಮತ್ತು ಎತ್ತರದ ಪೀಠದ ಮೇಲೆ ಇಟ್ಟ ಬಟ್ಟಲು. ಕೊನೆಯದನ್ನು ಗಮನಿಸಿರಿ. ನಾಯಿಗೆ ಕುತ್ತಿಗೆ ನೋಯಬಾರದೆಂಬ ಕರುಣೆಯಿಂದ ಕಬ್ಬಿಣದ ಸ್ಟ್ಯಾಂಡು ಮಾಡಿಸಿಟ್ಟವರು ನಮ್ಮ ಬೀದರಿನಲ್ಲಿಯೇ ಹಲವರಿದ್ದಾರೆ. ಅದನ್ನು ಇಂದೇ ತೆಗೆದು ಬಟ್ಟಲನ್ನು ನೆಲಕ್ಕಿಳಿಸಲಿ. ಇದಕ್ಕೆ ಕಾಸು ಖರ್ಚಿಲ್ಲ.

ಆಟಿಕೆ ತಂದರೆ ಈ ರೋಗ ಬಾರದೆಂದು ನಾನು ಪ್ರಮಾಣ ಮಾಡುವುದಿಲ್ಲ. ವಯಸ್ಸು, ವಂಶ ನಮ್ಮ ಕೈಯಲ್ಲಿಲ್ಲ. ತಿನ್ನುವ ವೇಗ ಮಾತ್ರ ನಮ್ಮ ಕೈಯಲ್ಲಿದೆ. ಔರಾದ್ ತಾಲ್ಲೂಕಿನಲ್ಲಿ ನಮ್ಮ ಬಂಧುವೊಬ್ಬರು ಮಗುವಿನಂತೆ ಸಾಕಿದ್ದ ಅಲ್ಸೇಷಿಯನ್ ನಾಯಿ ರಾತ್ರಿಯ ಊಟವಾದ ಮೇಲೆ ನಿಂತಲ್ಲಿ ನಿಲ್ಲದೆ ಒದ್ದಾಡಿ, ಬಾಯಿಯಲ್ಲಿ ಜೊಲ್ಲು ಸುರಿಸುತ್ತ, ವಾಂತಿಗೆ ಹವಣಿಸಿದರೂ ಏನೂ ಬಾರದೆ, ಹೊಟ್ಟೆ ಡೋಲಿನಂತಾಗಿ ಬೀದರಿನ ದಾರಿಯಲ್ಲಿಯೇ ಪ್ರಾಣ ಬಿಟ್ಟಿತು. ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೀದರಿನ ನಂದಿನಗರದಲ್ಲಿಯೇ ಇರುವುದು ನಮ್ಮ ಜಿಲ್ಲೆಯ ಭಾಗ್ಯ. ಆದರೆ ಔರಾದಿನಿಂದಾಗಲಿ ಭಾಲ್ಕಿಯಿಂದಾಗಲಿ ಬೀದರಿಗೆ ಸುಮಾರು 40 ಕಿಲೋಮೀಟರು. ರಾತ್ರಿ ಹನ್ನೊಂದಕ್ಕೆ ಗಾಡಿ ಹೊಂದಿಸಿ ಹೊರಡುವಷ್ಟರಲ್ಲಿ ಆ ರೋಗ ಕಾಯುವುದಿಲ್ಲ. ಆ ನಾಯಿ ತನ್ನ ಇಡೀ ದಿನದ ಅನ್ನವನ್ನು ಒಂದೇ ಹೊತ್ತಿಗೆ, ಒಂದೇ ಬಟ್ಟಲಿನಲ್ಲಿ ತಿನ್ನುತ್ತಿತ್ತು. ನಮ್ಮ ನಾಡಿನ ಮುಧೋಳ ನಾಯಿಯದೂ ಆಳವಾದ ಎದೆಯೇ. ಇದೇ ವಿಶ್ವವಿದ್ಯಾಲಯ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಅದರ ಸಂಶೋಧನಾ ಕೇಂದ್ರವನ್ನು ನಡೆಸುತ್ತಿದೆ. ಆ ತಳಿಯನ್ನು ಹೆಮ್ಮೆಗಾಗಿ ತಂದು ಸರಪಳಿಗೆ ಕಟ್ಟಿ ಬಟ್ಟಲು ತುಂಬಿಸುವವರಿಗೂ ಈ ಮಾತು ಅನ್ವಯಿಸುತ್ತದೆ.

ಭಾವನವರ ಆಕ್ಷೇಪಕ್ಕೆ ಬರುತ್ತೇನೆ. "ನಮ್ಮ ಕಾಲದಲ್ಲಿ ನಾಯಿಗೆ ಯಾರು ಆಟಿಕೆ ಕೊಟ್ಟಿದ್ದರು?" ಎಂದು ಅವರು ಕೇಳುತ್ತಾರೆ. ಕೊಟ್ಟಿರಲಿಲ್ಲ ನಿಜ; ಆದರೆ ನಮ್ಮ ಬಾಲ್ಯದ ಭಾಲ್ಕಿಯ ಓಣಿಯ ನಾಯಿ ಉಣ್ಣುತ್ತಿದ್ದುದಾದರೂ ಹೇಗೆ? ಬೆಳಗ್ಗೆ ಒಂದು ಮನೆಯ ಹೊಸ್ತಿಲಲ್ಲಿ ಅರ್ಧ ಜೋಳದ ರೊಟ್ಟಿ, ಮಧ್ಯಾಹ್ನ ಇನ್ನೊಂದು ಮನೆಯಲ್ಲಿ ಮಜ್ಜಿಗೆಯಲ್ಲಿ ಕಲಸಿದ ಮುಷ್ಟಿ ಅನ್ನ, ಸಂಜೆ ಕಣದ ಕಡೆಗೆ ಹೋದರೆ ಬುತ್ತಿ ಬಿಚ್ಚಿದವರು ಎಸೆದ ಚೂರು. ಎಂಟು ಬಾಗಿಲು ತಿರುಗಿ, ಬಾಲ ಆಡಿಸಿ, ಗದರಿಸಿಕೊಂಡು, ಕಾದು, ಮೂಸಿ, ಹುಡುಕಿ ಅದು ಹೊಟ್ಟೆ ತುಂಬಿಸಿಕೊಳ್ಳುತ್ತಿತ್ತು. ಅದನ್ನು ಕಾಡಿಸುವುದು ಎಂದು ಯಾರೂ ಕರೆಯಲಿಲ್ಲ. ಇಂದು ಅದೇ ಜೀವವನ್ನು ಕಾಂಪೌಂಡಿನೊಳಗೆ ಕೂಡಿಹಾಕಿ, ಎಂಟು ಬಾಗಿಲಿನ ಅನ್ನವನ್ನು ಒಂದು ಸ್ಟೀಲಿನ ಬಟ್ಟಲಿಗೆ ಸುರಿದು, ಒಂದೇ ನಿಮಿಷದಲ್ಲಿ ಅದು ಬರಿದಾದಾಗ "ಎಂಥ ಹೊಟ್ಟೆಬಾಕ ನಾಯಿ" ಎಂದು ನಗುತ್ತೇವೆ. ಉಳಿದ ಇಪ್ಪತ್ತಮೂರು ಗಂಟೆ ಐವತ್ತೊಂಬತ್ತು ನಿಮಿಷ ಅದು ಮಾಡಬೇಕಾದ ಕೆಲಸವಾದರೂ ಏನು? ಒಳ್ಳೆಯ ಆಟಿಕೆಯೊಂದು ಆ ಬಾಗಿಲುಗಳಲ್ಲಿ ಎರಡು ಮೂರನ್ನಾದರೂ ಅದಕ್ಕೆ ಮರಳಿ ಕೊಡುತ್ತದೆ.

ಪ್ರಾಣಿಗಳಿಗೆ ದುಡಿದು ತಿನ್ನುವುದು ಶಿಕ್ಷೆಯೇ ಎಂಬುದನ್ನು ಪರೀಕ್ಷಿಸಿದವರೂ ಇದ್ದಾರೆ. 1963ರಲ್ಲಿ ಗ್ಲೆನ್ ಜೆನ್ಸನ್ ಎಂಬ ಮನಃಶಾಸ್ತ್ರಜ್ಞನು ಇಲಿಗಳ ಮುಂದೆ ತಟ್ಟೆಯಲ್ಲಿ ಆಹಾರವನ್ನು ಧಾರಾಳವಾಗಿಟ್ಟು, ಪಕ್ಕದಲ್ಲಿ ಒತ್ತಿದರೆ ಆಹಾರ ಬೀಳುವ ಸನ್ನೆಯೊಂದನ್ನೂ ಇಟ್ಟನು. ತಟ್ಟೆ ಎದುರಿಗಿದ್ದರೂ ಬಹುಪಾಲು ಇಲಿಗಳು ಒಂದಷ್ಟನ್ನು ಸನ್ನೆ ಒತ್ತಿಯೇ ತಿಂದವು. ಆಮೇಲೆ ಹಲವು ಪ್ರಾಣಿಪಕ್ಷಿಗಳಲ್ಲಿ ಇದೇ ಕಂಡುಬಂತು. ಸಾಕುಬೆಕ್ಕು ಮಾತ್ರ ಈ ಶ್ರಮಕ್ಕೆ ಅಷ್ಟಾಗಿ ಒಪ್ಪಲಿಲ್ಲ. ಬೆಕ್ಕು ಸಾಕಿದವರಿಗೆ ಇದು ಹೊಸ ಸುದ್ದಿಯಲ್ಲ. ನಾಯಿಗಳ ಉತ್ತರ ಎಲ್ಲದಕ್ಕೂ ಒಂದೇ ಅಲ್ಲ. ಕೆಲವು ಉತ್ಸಾಹದಿಂದ ಉರುಳಿಸುತ್ತವೆ, ಕೆಲವು ತಟ್ಟೆಯನ್ನೇ ನೋಡುತ್ತ ಕೂರುತ್ತವೆ. ಆದ್ದರಿಂದ ಆಟಿಕೆ ಸರಿಯಾಗಿದೆಯೇ ಎಂದು ಹೇಳಬೇಕಾದದ್ದು ನಾಯಿಯೇ ಹೊರತು ಪೆಟ್ಟಿಗೆಯ ಮೇಲಿನ ಬರಹವಲ್ಲ. "ಬುದ್ಧಿಮತ್ತೆ ಹೆಚ್ಚಿಸುತ್ತದೆ", "ಮೂರನೆಯ ಹಂತ", "ಪರಿಣತರಿಗೆ" ಎಂಬ ಆ ಬರಹಗಳನ್ನು ಓದಿದಾಗ ನನಗೆ ಪರೀಕ್ಷೆಯ ಕಾಲದ ಗೈಡುಗಳ ನೆನಪಾಗುತ್ತದೆ.

ಮೂವತ್ತು ವರ್ಷ ಪಾಠ ಹೇಳಿದವನಿಗೆ ಒಂದು ಸಂಗತಿ ಗೊತ್ತು. ಒಂದನೆಯ ತರಗತಿಯ ಮಗುವಿಗೆ ಹತ್ತನೆಯ ತರಗತಿಯ ಲೆಕ್ಕ ಕೊಟ್ಟರೆ ಅದು ಕಲಿಯುವುದಿಲ್ಲ, ಸ್ಲೇಟನ್ನು ಒಡೆಯುತ್ತದೆ. ಗಬಗಬ ತಿನ್ನುವ ನಾಯಿಗೆ ಮೊದಲ ದಿನವೇ ಜಾರುಬಾಗಿಲು, ಗೂಟ, ಸೆಳೆಪೆಟ್ಟಿಗೆಗಳುಳ್ಳ ಹಲಗೆಯನ್ನು ಕೊಟ್ಟರೆ ಅದು ಎರಡು ಬಾರಿ ಮೂಸಿ, ಮೂರನೆಯ ಬಾರಿ ಕಚ್ಚಿ ಮುರಿಯುತ್ತದೆ. ಅನ್ನದ ಜೊತೆಗೆ ಪ್ಲಾಸ್ಟಿಕ್ಕನ್ನೂ ನುಂಗುತ್ತದೆ. ನನಗೆ ಬಂದ ಉಡುಗೊರೆಗಳಲ್ಲಿ ಎರಡಕ್ಕೆ ಇದೇ ಗತಿ ಕಾದಿತ್ತು. ಗೂಟಗಳು ಸಡಿಲವಾಗಿರುವುದನ್ನು ನೋಡಿಯೇ ಅವನ್ನು ಅಟ್ಟಕ್ಕೆ ಹಾಕಿದೆ. ಮೊದಲಿಗೆ ಬೇಕಾದದ್ದು ಮೂತಿ ತಾಗಿಸಿದರೂ ಒಂದೆರಡು ಚೂರು ಉದುರುವ, ದೊಡ್ಡ ತೂತಿನ ಚೆಂಡು. ಇಲ್ಲವೇ ತಳ ಭಾರವಾಗಿದ್ದು ತಳ್ಳಿದರೆ ತೂಗಾಡಿ ಮತ್ತೆ ಎದ್ದು ನಿಲ್ಲುವ ಬುಗುರಿಯಂಥ ಆಟಿಕೆ. ನಾಯಿ ಅದರಲ್ಲಿ ಪಳಗಿದ ಮೇಲೆ ತೂತನ್ನು ಕಿರಿದು ಮಾಡಬಹುದು. ಹಾಗೆ ಹಿಗ್ಗಿಸಿ ಕುಗ್ಗಿಸಬಲ್ಲ ತೂತಿರುವುದನ್ನೇ ಕೊಳ್ಳಿರಿ.

ಗಾತ್ರದಲ್ಲಿ ಜಿಪುಣತನ ಬೇಡ. ಬಾಯಿ ಅಗಲಿಸಿದರೂ ದವಡೆಯ ಹಿಂದಕ್ಕೆ ಹೋಗದಷ್ಟು ದೊಡ್ಡದಿರಬೇಕು. ಸಂಶಯವಿದ್ದರೆ ಒಂದಳತೆ ದೊಡ್ಡದನ್ನೇ ತರಬೇಕು. ಹೆಬ್ಬೆರಳಿನ ಉಗುರನ್ನು ಒತ್ತಿದಾಗ ಸ್ವಲ್ಪವೂ ತಗ್ಗದಷ್ಟು ಗಟ್ಟಿಯಾದದ್ದು ಹಲ್ಲು ಸೀಳುತ್ತದೆ. ಉಗುರಿಗೇ ಕಿತ್ತುಬರುವಷ್ಟು ಮೆದುವಾದದ್ದು ಹೊಟ್ಟೆ ಸೇರುತ್ತದೆ. ಟೊಳ್ಳು ರಬ್ಬರಿನದಾದರೆ ಎರಡು ಕಡೆ ತೂತಿರಲೇಬೇಕು. ಒಂದೇ ತೂತಿದ್ದರೆ ನೆಕ್ಕುವಾಗ ಒಳಗೆ ಗಾಳಿಯಿಲ್ಲದಂತಾಗಿ ನಾಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಅಂಥ ಟೊಳ್ಳು ರಬ್ಬರಿನ ಆಟಿಕೆಗಳಲ್ಲಿ ಹೆಸರಾದ ಕಾಂಗ್ ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಜೋ ಮಾರ್ಕಮ್ ಎಂಬಾತನ ನಾಯಿ ಕಲ್ಲು ಕಡಿದು ಹಲ್ಲು ಸವೆಸಿಕೊಳ್ಳುತ್ತಿತ್ತು. ಆತ ತನ್ನ ಫೋಕ್ಸ್‌ವ್ಯಾಗನ್ ವ್ಯಾನನ್ನು ರಿಪೇರಿ ಮಾಡುತ್ತಿದ್ದಾಗ ಅದರ ರಬ್ಬರಿನ ಭಾಗವೊಂದನ್ನು ಆ ನಾಯಿ ಹಿಡಿದುಕೊಂಡಿತು. ಅದರಿಂದ ಬೆಳೆದ ಸಂಸ್ಥೆ ಶುರುವಾದದ್ದು 1976ರಲ್ಲಿ. ಔರಾದಿನ ನನ್ನ ಶಿಷ್ಯ ಬಟ್ಟಲಲ್ಲಿ ಕಲ್ಲಿಡಿ ಎನ್ನುವಾಗ ಆ ನಾಯಿಯ ಹಲ್ಲನ್ನು ನೆನೆಯಲಿ. ಬಾಯಿಗೆ ಹಿಡಿಯದಷ್ಟು ದೊಡ್ಡ, ನುಣುಪಾದ ಕಲ್ಲಾದರೆ ಅಡ್ಡಿಯಿಲ್ಲ. ಮಂಜ್ರಾ ದಂಡೆಯ ಬೆಣಚುಕಲ್ಲಾದರೆ ನುಂಗಿಯೇ ತೀರುತ್ತದೆ.

ಹೊರದೇಶದವರ ಸಲಹೆಯನ್ನು ಹಾಗೆಯೇ ಪಾಲಿಸುವವರು ಎಡವುವುದು ಇನ್ನೊಂದು ಕಡೆ. ಆ ಆಟಿಕೆಗಳೆಲ್ಲ ಅಂಗಡಿಯ ಒಣ ಗುಳಿಗೆಯಂಥ ಆಹಾರಕ್ಕಾಗಿ ಮಾಡಿದವು. ನಮ್ಮಲ್ಲಿ ಮುಕ್ಕಾಲು ಮನೆಯ ನಾಯಿಗಳು ಉಣ್ಣುವುದು ರೊಟ್ಟಿ, ಹಾಲು, ಅನ್ನ, ಮೊಸರು. ಮೊಸರನ್ನ ತುಂಬಿದ ಚೆಂಡು ಬೀದರಿನ ಕೆಂಪು ಮಣ್ಣಿನ ಅಂಗಳದಲ್ಲಿ ಎರಡು ಸುತ್ತು ಉರುಳಿದರೆ ಲಾಡುವಿನಂತಾಗುತ್ತದೆ. ಭಾಲ್ಕಿ, ಔರಾದಿನ ಕರಿಮಣ್ಣಾದರೆ ಮಳೆಗಾಲದಲ್ಲಿ ಅದನ್ನು ತೊಳೆಯುವವರಿಗೇ ಪ್ರಾಯಶ್ಚಿತ್ತ. ಮನೆಯೊಳಗೆ ಶಹಾಬಾದ್ ಫರಸಿಯ ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಚೆಂಡು ಉರುಳಿದರೆ ಮಧ್ಯಾಹ್ನದ ನಿದ್ರೆಯ ಆಸೆಯನ್ನು ಬಿಡಬೇಕು. ಆದ್ದರಿಂದ ಮೊದಲು ನಮ್ಮ ನಾಯಿಯ ಊಟವನ್ನು ನೋಡಿ, ಆಮೇಲೆ ಆಟಿಕೆಯನ್ನು ಆರಿಸಬೇಕು. ಒಣ ಆಹಾರಕ್ಕೆ ಉರುಳುವ ಚೆಂಡು. ಅದಕ್ಕೆ ನಮ್ಮ ಖಡಕ್ ಜೋಳದ ರೊಟ್ಟಿಯ ಚೂರುಗಳಷ್ಟು ಹೊಂದುವ ವಸ್ತು ಇನ್ನೊಂದಿಲ್ಲ. ಒದ್ದೆ ಆಹಾರಕ್ಕೆ ಟೊಳ್ಳು ರಬ್ಬರಿನದು. ಉಪ್ಪು, ಒಗ್ಗರಣೆ ಇಲ್ಲದ ಮೊಸರನ್ನವನ್ನು ಅದರಲ್ಲಿ ತುಂಬಿ ಫ್ರಿಜ್ಜಿನ ಮೇಲಿನ ಪೆಟ್ಟಿಗೆಯಲ್ಲಿ ಗಡ್ಡೆ ಕಟ್ಟಿಸಿಟ್ಟರೆ ವೈಶಾಖದ ಬಿಸಿಲಿನಲ್ಲಿ ಭೀಮನಿಗೆ ಅರ್ಧ ಗಂಟೆಯ ಕೆಲಸ. ತೊಳೆಯುವ ಕುಂಚ ಒಳಮೂಲೆಗೆ ಹೋಗದ ಆಟಿಕೆಯನ್ನು ಬಿಟ್ಟಿ ಕೊಟ್ಟರೂ ತರಬಾರದು. ಮಾರನೆಯ ದಿನವೇ ನಾರುತ್ತದೆ.

ತುಂಬುವ ಪದಾರ್ಥದ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿಯವರು ಶೇಂಗಾ ಬೆಣ್ಣೆ ಸವರಿ ಎಂದು ಬರೆಯುತ್ತಾರೆ. ಅದನ್ನು ಓದಿ ನಮ್ಮ ಸೊಸೆಯರಲ್ಲೊಬ್ಬಳು ಮನೆಯ ಶೇಂಗಾ ಹಿಂಡಿಯನ್ನೇ ಮೊಸರಿನಲ್ಲಿ ಕಲಸಿ ತುಂಬಿಸಲು ಹೊರಟಿದ್ದಳು. ಖಾರ ಹಾಗಿರಲಿ, ಅದರಲ್ಲಿರುವ ಬೆಳ್ಳುಳ್ಳಿ ನಾಯಿಗೆ ವಿಷ. ಉಳ್ಳಾಗಡ್ಡಿಯೂ ಹಾಗೆಯೇ, ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟು ಕೂಡ. ಅಂಗಡಿಯ ಶೇಂಗಾ ಬೆಣ್ಣೆಯಾದರೆ ಅದರಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇಲ್ಲವೆಂದು ಓದಿ ನೋಡಿಕೊಳ್ಳಬೇಕು. ಇನ್ನೊಂದು ಮಾತು: ಆಟಿಕೆಗೆ ತುಂಬುವುದನ್ನು ದಿನದ ಊಟದಿಂದಲೇ ತೆಗೆಯಬೇಕು, ಮೇಲೋಗರವಾಗಿ ಅಲ್ಲ. ಲ್ಯಾಬ್ರಡಾರ್ ಸಾಕಿದವರಿಗೆ ಇದು ಇನ್ನಷ್ಟು ಮುಖ್ಯ. ಆ ತಳಿಯಲ್ಲಿ ಸುಮಾರು ನಾಲ್ಕಕ್ಕೊಂದು ನಾಯಿಯಲ್ಲಿ ಹಸಿವು ತಣಿಯದಂತೆ ಮಾಡುವ ವಂಶವಾಹಿಯ ಲೋಪವಿರುವುದನ್ನು ಕೇಂಬ್ರಿಡ್ಜಿನ ವಿಜ್ಞಾನಿಗಳು 2016ರಲ್ಲಿ ತೋರಿಸಿದರು. "ಮಾಸ್ತರರು ನಾಯಿಗೆ ಶಿಸ್ತು ಕಲಿಸಿಲ್ಲ" ಎಂದು ಭೀಮನನ್ನು ನೋಡಿ ನಗುವವರು ಇದನ್ನು ಎರಡು ಬಾರಿ ಓದಲಿ.

ಭಾವನವರ ಆಕ್ಷೇಪದಲ್ಲಿ ನಾನು ಪೂರ್ತಿಯಾಗಿ ಒಪ್ಪುವ ಭಾಗವೊಂದಿದೆ. ಆಟಿಕೆಯನ್ನು ಎಸೆದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವ ಮನೆಗಳಲ್ಲಿ ಅದು ಕಾಡಿಸುವುದೇ. ಚೂರೊಂದು ಒಳಗೆ ಸಿಕ್ಕಿಕೊಂಡು ನಾಯಿ ಕುಂಯ್‌ಗುಟ್ಟತೊಡಗಿದರೆ ಎದ್ದು ಹೋಗಿ ಬಿಡಿಸಿ ಕೊಡಬೇಕು. ಎರಡು ನಾಯಿಗಳಿರುವ ಮನೆಯಲ್ಲಿ ಒಂದನ್ನು ಬೇರೆ ಕೋಣೆಗೆ ಒಯ್ಯಬೇಕು. ಇಲ್ಲವಾದರೆ ಕಸಿಯುವ ಭಯದಿಂದ ಎರಡೂ ಇನ್ನಷ್ಟು ವೇಗವಾಗಿ ನುಂಗುತ್ತವೆ. ಬೆಳಗಿನ ತಿರುಗಾಟ ತಪ್ಪಿಸಿ ಅದರ ಬದಲಿಗೆ ಆಟಿಕೆ ಕೊಡುವವರಿಗೆ ನನ್ನ ಬೆಂಬಲವಿಲ್ಲ.

ಹಣ ವ್ಯಯಿಸಲು ಮನಸ್ಸಿಲ್ಲದ ಔರಾದಿನ ಶಿಷ್ಯನಿಗೆ ಮಾತ್ರ ಪ್ರತ್ಯೇಕವಾಗಿ ಹೇಳುತ್ತೇನೆ: ಕಲ್ಲಿಗಿಂತ ಉತ್ತಮವಾದದ್ದು ನಿನ್ನ ಅಡುಗೆಮನೆಯಲ್ಲಿಯೇ ಇದೆಯಪ್ಪ, ಹಳೆಯ ಪಡ್ಡಿನ ಹಂಚು. ಬೀಡುಕಬ್ಬಿಣದ್ದಾದರೆ ಜಾರುವುದಿಲ್ಲ, ಕಚ್ಚಿದರೆ ಮುರಿಯುವುದಿಲ್ಲ. ಒಂದೊಂದು ಕುಳಿಗೂ ತುಸು ತುಸುವೇ ಅನ್ನ ಒತ್ತಿದರೆ ನಾಲಿಗೆ ಕುಳಿಯಿಂದ ಕುಳಿಗೆ ಹೋಗಲೇಬೇಕು. ಒಂದು ವಾರ ಹಾಗೆ ಉಣಿಸಿ, ಗಡಿಯಾರ ಹಿಡಿದು ಎಷ್ಟು ನಿಮಿಷವಾಯಿತೆಂದು ಬರೆದಿಡು. ಆಮೇಲೆಯೂ ಚೆಂಡು ಬೇಕೆನಿಸಿದರೆ ನಾಯಿಯ ಬಾಯಿಯ ಅಗಲವನ್ನು ಅಳೆದು ತಿಳಿಸು. ದಸರಾ ರಜೆಗೆ ನನ್ನ ಮಗ ಹೈದರಾಬಾದಿನಿಂದ ಬರುವವನಿದ್ದಾನೆ. ಅವನ ಕೈಯಲ್ಲಿ ತರಿಸುತ್ತೇನೆ. ಹೊಸ ಹಂಚಿನ ಬೆಲೆಯನ್ನು ನಿನ್ನ ಹೆಂಡತಿ ಕೇಳಿದರೆ ಅದು ನಿನಗೇ ಬಿಟ್ಟದ್ದು.