ತುಟಿ ಒಂದೆಡೆ, ಮಾತು ಇನ್ನೊಂದೆಡೆ

"ಆಪಾ, ನನ್ನ ಮದುವೆಯ ಡಿಸ್ಕನ್ನು ಮಗ ಮೊಬೈಲಿಗೆ ಹಾಕಿಕೊಟ್ಟಿದ್ದಾನೆ. ಅಬ್ಬಾ ಮಾತನಾಡುವುದು ಕಾಣಿಸುತ್ತದೆ. ಆದರೆ ತುಟಿ ಒಂದೆಡೆ, ಮಾತು ಇನ್ನೊಂದೆಡೆ. ನೋಡಿದರೆ ಸಂಕಟವಾಗುತ್ತದೆ" ಎಂದಳು ತಂಗಿ.

ಅಬ್ಬಾ ತೀರಿಕೊಂಡು 11 ವರ್ಷಗಳಾದವು. ಅವರ ಸ್ವರ ನಮ್ಮ ಪಾಲಿಗೆ ಉಳಿದಿರುವುದು 2006ರ ಆ ಒಂದೇ ಡಿಸ್ಕಿನಲ್ಲಿ. ಭಾನುವಾರ ತಂಗಿಯ ಮನೆಗೆ ಹೋಗಿ ಅವಳ ಮಗನೊಂದಿಗೆ ಕಂಪ್ಯೂಟರಿನ ಮುಂದೆ ಕುಳಿತೆ.

ನಮ್ಮ ದೇಶದಲ್ಲಿ ತಯಾರಾದ ಮದುವೆ ಡಿವಿಡಿಗಳು ಸಾಮಾನ್ಯವಾಗಿ ಪಾಲ್ ಪದ್ಧತಿಯವು. ಅವುಗಳಲ್ಲಿ ಸೆಕೆಂಡಿಗೆ 25 ಚಿತ್ರಗಳು ಓಡುತ್ತವೆ. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಅದು 29.97. ಹುಡುಗ ಮೊದಲ ಸಲ 30 ಎಂದು ಹಾಕಿದ್ದ. "ಹೆಚ್ಚಾದಷ್ಟು ಒಳ್ಳೆಯದಲ್ಲವೇ ಖಾಲಾ?" ಎಂದು ಕೇಳಿದ. ಇಲ್ಲದ 5 ಚಿತ್ರಗಳನ್ನು ತಂತ್ರಾಂಶ ಎಲ್ಲಿಂದ ತಂದೀತು? ಇದ್ದದ್ದನ್ನೇ ಎರಡೆರಡು ಸಲ ತೋರಿಸುತ್ತದೆ. ನಡೆಯುವವರು ತಡವರಿಸಿದಂತೆ ಕಾಣುವುದು ಅದಕ್ಕೇ.

ಅದು ಸರಿಬರಲಿಲ್ಲವೆಂದು ಎರಡನೆಯ ಸಲ ಚಿತ್ರಗಳ ವೇಗ ಹೆಚ್ಚುಕಡಿಮೆಯಾಗುವಂತೆ ಬಿಟ್ಟು, ಆ ಫೈಲನ್ನು ಬೇರೊಂದು ತಂತ್ರಾಂಶದಲ್ಲಿ ಕತ್ತರಿಸಿದ್ದ. ಅದು ಎಲ್ಲ ಚಿತ್ರಗಳನ್ನೂ ಸಮ ಅಂತರದಲ್ಲಿ ಜೋಡಿಸಿಬಿಟ್ಟಿತು. ಧ್ವನಿ ಮಾತ್ರ ತನ್ನ ಹೊತ್ತಿಗೆ ತಾನು ನಡೆಯಿತು.

ಸಹೋದರಿಯರೇ, ನಿಮ್ಮ ಮನೆಯಲ್ಲೂ ಹೀಗಾದರೆ ವಿಡಿಯೋವನ್ನು ಆರಂಭ, ಮಧ್ಯ, ಕೊನೆ ಮೂರೂ ಕಡೆ ನೋಡಿ. ತುಟಿಗೂ ಮಾತಿಗೂ ಅಂತರ ಎಲ್ಲೆಡೆ ಒಂದೇ ಆಗಿದ್ದರೆ ಧ್ವನಿಯನ್ನು ಅಷ್ಟೇ ಹಿಂದೆಮುಂದೆ ಸರಿಸಿದರೆ ಸಾಕು. ಅಂತರ ಬೆಳೆಯುತ್ತಾ ಹೋದರೆ ಚಿತ್ರಗಳ ವೇಗವನ್ನು ಪರಿಶೀಲಿಸಬೇಕು. 29.97 ಇರಬೇಕಾದಲ್ಲಿ 30ರ ವೇಗದಲ್ಲಿ ಓಡಿಸಿದರೂ ಗಂಟೆಗೆ 3.6 ಸೆಕೆಂಡ್ ವ್ಯತ್ಯಾಸ ಬರುತ್ತದೆ.

ಉಚಿತವಾಗಿ ಸಿಗುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ 'ಸೇಮ್ ಆ್ಯಸ್ ಸೋರ್ಸ್' ಮತ್ತು 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಎಂಬ ಎರಡನ್ನು ಆರಿಸಿದೆವು. ಕೈ ಬೀಸಿದಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಗೆರೆಗಳು ಮೂಡುತ್ತಿದ್ದವು. ಹಳೆಯ ಕ್ಯಾಮೆರಾಗಳು ಒಂದು ಚಿತ್ರವನ್ನು ಬೆಸ ಗೆರೆ, ಸರಿ ಗೆರೆ ಎಂದು ಎರಡು ಸಲಕ್ಕೆ ಹಿಡಿಯುತ್ತಿದ್ದುದೇ ಇದಕ್ಕೆ ಕಾರಣ. 'ಡೀಇಂಟರ್‌ಲೇಸ್' ಆರಿಸಿದ ಮೇಲೆ ಅದೂ ಹೋಯಿತು.

ಇನ್ನೊಂದು ಮಾತು. ಪರಿವರ್ತಿಸುವ ಮೊದಲು ಡಿಸ್ಕಿನಲ್ಲಿರುವುದೆಲ್ಲವನ್ನೂ ಇದ್ದಂತೆಯೇ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಎಷ್ಟು ಸಲ ತಪ್ಪಿದರೂ ಮೊದಲಿನಿಂದ ಆರಂಭಿಸಬಹುದು. ಮೊಬೈಲಿಗೆ ಬಂತೆಂದು ಡಿಸ್ಕನ್ನು ಎಸೆಯಬೇಡಿ. ಅಲ್ಮೇರಾದಲ್ಲಿದ್ದರೆ ಸುರಕ್ಷಿತ ಎಂದೂ ತಿಳಿಯಬೇಡಿ. ಗೀರು ಬಿದ್ದು, ಪದರ ಕೆಟ್ಟು ಒಂದು ದಿನ ಅದು ಓಡದೇ ಹೋಗಬಹುದು.

ಸಂಜೆ ತಂಗಿ ಮೊಬೈಲ್ ಹಿಡಿದು ಕುಳಿತಳು. ಮದುಮಗಳ ತಲೆಯ ಮೇಲೆ ಕೈಯಿಟ್ಟು ಅಬ್ಬಾ ಅವಳ ಹೆಸರು ಕರೆದರು. ಈ ಸಲ ತುಟಿಯೂ ಮಾತೂ ಜೊತೆಗಿದ್ದವು. ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೊಮ್ಮೆ ಹಾಕು ಮಗಾ" ಎಂದಳು.