ಒಮ್ಮೆ ಬಂದು ಬರಕೊಂಡು ಹೋದವರು



ನೀರು ಬಂದಾಗ ನಮ್ಮ ಕೇರಿಗಳಿಗೆ ಎಲ್ಲರೂ ಬರ್ತಾರೆ. ಕಂದಾಯ ಇಲಾಖೆಯವರು ಬರ್ತಾರೆ, ಇಂಜಿನಿಯರು ಬರ್ತಾರೆ, ಪೇಪರಿನವರು ಬರ್ತಾರೆ, ಫಾರಂ ಹಿಡಕೊಂಡು ಸಂಸ್ಥೆಯವರು ಬರ್ತಾರೆ. ಬಿದ್ದ ಗೋಡೆ ಪಕ್ಕ ನಿಲ್ಲಿಸಿ ಫೋಟೋ ತೆಗೀತಾರೆ. ಎಷ್ಟು ಜನ, ಯಾವ ಜಾತಿ, ರೇಷನ್ ಕಾರ್ಡು ಐತೇನು ಅಂತ ಕೇಳ್ತಾರೆ. ಬರಕೊಂಡು ಹೋಗ್ತಾರೆ. ಮುಂದಿನ ವರ್ಷ ಅದೇ ಮನೆಯವರು ಎಲ್ಲಿದ್ದಾರೆ, ಏನು ತಿಂತಿದ್ದಾರೆ ಅಂತ ಕೇಳೋಕೆ ಯಾರೂ ಬರೋದಿಲ್ಲ. ಒಮ್ಮೆ ಮಾತ್ರ ಬರುವ ಸರ್ವೆ ಯಾರ ಸಲುವಾಗಿ? ಈ ಪ್ರಶ್ನೆಯನ್ನು ನಾವು ನಿಮ್ಮ ಮುಂದೆ ಇಡುತ್ತಿದ್ದೇವೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕದ ನದಿ ದಂಡೆಯ ಊರುಗಳು ಮುಳುಗಿದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ತುಂಗಭದ್ರೆ ಪಕ್ಕದ ನಮ್ಮ ಕಂಪ್ಲಿ, ಸಿರುಗುಪ್ಪದ ಕಡೆಯೂ ನೀರು ನುಗ್ಗಿತು. ಸರ್ಕಾರ 'ಆಸರೆ' ಅಂತ ಯೋಜನೆ ತಂದಿತು. ಕಂಪನಿಗಳು, ಮಠಗಳು, ದಾನಿಗಳು ಮನೆ ಕಟ್ಟಿಸಿಕೊಟ್ಟರು. ಕಟ್ಟಿದ ಮನೆಗಳ ಲೆಕ್ಕ ಪೇಪರಿನಲ್ಲಿ ಬಂತು. ಎಷ್ಟೋ ಕಡೆ ಆ ಮನೆಗಳಿಗೆ ಜನ ಹೋಗಲೇ ಇಲ್ಲ. ಬಾಗಿಲು ಕಿಟಕಿ ಕಿತ್ತು ಹೋದವು, ಸುತ್ತ ಜಾಲಿ ಬೆಳೆಯಿತು. 'ಮನೆ ಕೊಟ್ಟರೂ ಬರಲಿಲ್ಲ, ಈ ಜನರೇ ಹಿಂಗೆ' ಎಂದು ಆಡಿಕೊಂಡವರು ಬಹಳ. ಕೂಲಿಗೆ ಹೋಗುವ ಹೊಲ ಎಷ್ಟು ದೂರವಾಯಿತು, ಕುರಿ ಕೋಳಿ ಎಲ್ಲಿ ಕಟ್ಟಬೇಕು, ನೀರಿನ ಬೋರು ಯಾರ ಓಣಿಯಲ್ಲಿ ಬಿತ್ತು ಎಂದು ಐದು ವರ್ಷ ಬೆನ್ನು ಹತ್ತಿ ಕೇಳುವವರಿದ್ದರೆ ಆ ಮಾತು ಆಡುವ ಧೈರ್ಯ ಬರುತ್ತಿರಲಿಲ್ಲ.

ಹತ್ತು ವರ್ಷ ಕಳೆಯಿತು. 2019ರ ಆಗಸ್ಟಿನಲ್ಲಿ ಮತ್ತೆ ನೀರು. ಕಂಪ್ಲಿ ಸೇತುವೆ ಮುಳುಗಿತು, ಹಂಪಿಯಲ್ಲಿ ಪುರಂದರ ಮಂಟಪ ಮುಳುಗಿತು. ಸರ್ಕಾರ ತಕ್ಷಣಕ್ಕೆ 10 ಸಾವಿರ ರೂಪಾಯಿ ಎಂದಿತು. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದಿತು. ಕೊಟ್ಟಿದ್ದನ್ನು ನಾವು ಹೀಗಳೆಯುವುದಿಲ್ಲ. ಆದರೆ ನೋಡಿ, ಈ ಸರ್ವೆ ಎಣಿಸಿದ್ದು ಗೋಡೆಗಳನ್ನು. ಒಂದೇ ಬಾಗಿಲ ಹಿಂದೆ ಮೂರು ಒಲೆ ಉರಿಯುವ ಮನೆಗಳು ನಮ್ಮ ಕೇರಿಯಲ್ಲಿ ಎಷ್ಟಿಲ್ಲ? ಗೋಡೆ ಒಂದು, ಹೆಸರು ಒಂದು, ಪರಿಹಾರ ಒಂದು. ಹಕ್ಕುಪತ್ರ ಇಲ್ಲದವನು ಮೊದಲು ತನ್ನ ಮನೆ ತನ್ನದೇ ಎಂದು ಸಾಬೀತು ಮಾಡಬೇಕು. ಇನ್ನು ಬೆಳೆ ಪರಿಹಾರ. ಅದು ಪಹಣಿಯಲ್ಲಿ ಹೆಸರಿದ್ದವನ ಖಾತೆಗೆ ಹೋಗುತ್ತೆ. ಆ ಹೊಲದಲ್ಲಿ ಭತ್ತ ನಾಟಿ ಮಾಡಿ, ಕೊಯ್ದು, ಅದರ ಕೂಲಿಯಲ್ಲೇ ವರ್ಷ ನೂಕುವ ಹೆಣ್ಣುಮಗಳ ಹೆಸರು ಯಾವ ಪಹಣಿಯಲ್ಲೂ ಇಲ್ಲ. ಅವಳ ಸುಗ್ಗಿಯೂ ನೀರುಪಾಲಾಯಿತು. ಆದರೆ ಅದು ಯಾವ ಫಾರಮ್ಮಿನ ಯಾವ ಕಾಲಮ್ಮು?

ಸರ್ವೆ ಅಂದರೆ ಇಷ್ಟೇ ಅಂತ ನೀವು ತಿಳಿಯಬಾರದು. ಬೇರೆ ಥರದ್ದೂ ಇದೆ. ಅಮೆರಿಕದ ಕಪ್ಪು ಜನರ ಪ್ಯಾಂಥರ್ ಸಂಘಟನೆಯ ಹೆಸರನ್ನು 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ತಮ್ಮದು ಮಾಡಿಕೊಂಡರು. ಅದೇ ಕಪ್ಪು ಜನ ಹೆಚ್ಚಾಗಿರುವ ನ್ಯೂ ಆರ್ಲಿಯನ್ಸ್ ಊರು 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. ಅದಕ್ಕೆ ಮೊದಲೇ ಅಲ್ಲಿ ಕೆಲವು ಸಂಶೋಧಕರು ಕಾಲೇಜಿಗೆ ಸೇರಿದ 1,019 ಬಡ ತಂದೆತಾಯಿಗಳ ವಿವರ ಬರೆದುಕೊಂಡಿದ್ದರು. ಅವರಲ್ಲಿ ಹೆಚ್ಚಿನವರು ಕಪ್ಪು ಹೆಣ್ಣುಮಕ್ಕಳು, ಒಂಟಿ ತಾಯಂದಿರು. ಸ್ಕಾಲರ್‌ಶಿಪ್ ಕೊಟ್ಟರೆ ಇವರ ಓದು ನಿಲ್ಲುತ್ತಾ, ಮುಂದುವರಿಯುತ್ತಾ ಅಂತ ನೋಡುವುದು ಅವರ ಉದ್ದೇಶ. ಅಂದರೆ ನಮ್ಮ ನಿಮ್ಮಂಥ ವಿದ್ಯಾರ್ಥಿಗಳ ಲೆಕ್ಕವೇ ಅದು. ನಡುವೆ ನೀರು ಬಂತು. ಜನ ದಿಕ್ಕಾಪಾಲಾದರು. ಸಂಶೋಧಕರು ಫೈಲು ಕಟ್ಟಿಡಲಿಲ್ಲ. ಚದುರಿದವರನ್ನು ಹುಡುಕಿಕೊಂಡು ಹೋದರು. ಒಂದು ವರ್ಷಕ್ಕೆ ಕೇಳಿದರು, ನಾಲ್ಕು ವರ್ಷಕ್ಕೆ ಕೇಳಿದರು, ಹನ್ನೆರಡು ವರ್ಷಕ್ಕೂ ಕೇಳಿದರು. ನಾಲ್ಕು ವರ್ಷ ಆದ ಮೇಲೂ ಸುಮಾರು ಮೂರರಲ್ಲಿ ಒಬ್ಬರಿಗೆ ಆ ದಿನದ ಭಯ ಮೈಬಿಟ್ಟಿರಲಿಲ್ಲ. ಹನ್ನೆರಡು ವರ್ಷದ ಮೇಲೂ ಆರರಲ್ಲಿ ಒಬ್ಬರು ಹಾಗೇ ಇದ್ದರು. ಗೋಡೆ ಎಣಿಸುವವರಿಗೆ ಇದು ಎಂದಾದರೂ ಸಿಗುತ್ತಿತ್ತೇ?

ಇಂಡೋನೇಷ್ಯಾದ ಆಚೆ ಪ್ರಾಂತದಲ್ಲೂ ಹೀಗೇ ಆಯಿತು. 2004ರ ಫೆಬ್ರವರಿಯಲ್ಲಿ ಸರ್ಕಾರದ ಸಾಮಾನ್ಯ ಸರ್ವೆ ನಡೆದಿತ್ತು. ಡಿಸೆಂಬರ್ 26ಕ್ಕೆ ಸುನಾಮಿ. ಆ ಹಳೇ ಪಟ್ಟಿ ಹಿಡಿದು ಬದುಕಿದವರು ಯಾರು, ಸತ್ತವರು ಯಾರು, ಬೇರೆ ಊರು ಸೇರಿದವರು ಯಾರು ಎಂದು ವರ್ಷ ವರ್ಷ ಹುಡುಕಿದರು.

ಎರಡೂ ಕಡೆ ಗಮನಿಸಬೇಕಾದ್ದು ಒಂದೇ. ನೀರು ಬರುವ ಮುಂಚಿನ ಲೆಕ್ಕ ಅವರ ಕೈಯಲ್ಲಿತ್ತು. ಮುಂಚಿನದು ಗೊತ್ತಿದ್ದರೆ ಮಾತ್ರ ಕಳಕೊಂಡದ್ದು ಏನು ಅಂತ ಹೇಳಬಹುದು. ಇಲ್ಲದಿದ್ದರೆ 'ಇವರು ಮೊದಲೂ ಹಿಂಗೇ ಇದ್ರು' ಎಂಬ ಒಂದು ಮಾತಿನಲ್ಲಿ ನಮ್ಮನ್ನು ಮುಗಿಸಿಬಿಡ್ತಾರೆ. ನಮ್ಮ ಬಡತನವೇ ನಮ್ಮ ನಷ್ಟವನ್ನು ಮುಚ್ಚಿಹಾಕುತ್ತೆ.

ನೀರು ಹೇಳಿ ಬರೋದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಸರಪಳಿ ಕಡಿದು ಕೊಚ್ಚಿಕೊಂಡು ಹೋಯಿತು. ನದಿ ದಂಡೆಯವರಿಗೆ ಎಚ್ಚರಿಕೆ ಕೊಟ್ಟರು. ಅಂದು ದೊಡ್ಡ ಅನಾಹುತ ತಪ್ಪಿತು, ಸರಿ. ತಪ್ಪದಿದ್ದರೆ? ದಂಡೆಯ ಯಾವ ಕೇರಿಯಲ್ಲಿ ಎಷ್ಟು ಒಲೆ ಇದ್ದವು ಅಂತ ಬೆಳಗ್ಗೆ ಹೇಳುವವರು ಯಾರಿದ್ದರು? ದರೋಜಿ ಕೆರೆಯ ಏರಿ ಮೇಲೆ ಸಂಜೆ ಗಾಳಿಗೆ ನಿಂತು ಕೆರೆ ತುಂಬಿದ್ದನ್ನು ನೋಡಿ ಖುಷಿಪಡುವ ನಾವು, ಏರಿ ಕೆಳಗಿನ ಮನೆಗಳ ಲೆಕ್ಕವನ್ನು ಒಂದು ದಿನವಾದರೂ ಹಿಡಿದಿದ್ದೇವಾ?

ಬಾಬಾಸಾಹೇಬರು 1928ರಲ್ಲಿ ಸೈಮನ್ ಆಯೋಗಕ್ಕೆ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಮನವಿ ಕೊಟ್ಟಾಗ ಬರೀ ಗೋಳು ಹೇಳಿಕೊಳ್ಳಲಿಲ್ಲ. ನಮ್ಮ ಮಕ್ಕಳ ಶಿಕ್ಷಣದ ಅಂಕಿಸಂಖ್ಯೆಗಳನ್ನು ಮುಂದಿಟ್ಟರು. ಲೆಕ್ಕವೂ ಹೋರಾಟದ ಆಯುಧ ಅಂತ ಅವರಿಗೆ ಗೊತ್ತಿತ್ತು.

ಆದ್ದರಿಂದ ನಮ್ಮ ಸೂಚನೆ ಇದು. ಹಾಸ್ಟೆಲಿನಿಂದ ದಸರಾ ರಜೆಗೆ ಊರಿಗೆ ಹೋಗುವಾಗ ಒಂದು ನೂರು ಪುಟದ ನೋಟ್‌ಬುಕ್ ಒಯ್ಯಿರಿ. ನಿಮ್ಮ ಕೇರಿಯಲ್ಲಿ ಗೋಡೆ ಎಣಿಸಬೇಡಿ, ಒಲೆ ಎಣಿಸಿ. ಹಕ್ಕುಪತ್ರ ಐತಾ, ಯಾರ ಹೊಲದಲ್ಲಿ ಕೂಲಿ, ಸಾಲ ಯಾರ ಹತ್ರ, ಮಕ್ಕಳು ಎಷ್ಟನೇ ಕ್ಲಾಸು, ಯಾವ ತಿಂಗಳು ಗುಳೆ ಹೋಗ್ತಾರೆ, ಇಷ್ಟು ಬರೀರಿ. ಮುಂದಿನ ವರ್ಷ ಅದೇ ರಜೆಗೆ ಅದೇ ಮನೆಗೆ ಹೋಗಿ. ಬೀಗ ಹಾಕಿದ್ದರೆ 'ಮನೆ ಖಾಲಿ' ಅಂತ ಬರೆದು ಬರಬೇಡಿ. ಎಲ್ಲಿ ಹೋದ್ರು ಅಂತ ಪಕ್ಕದವರನ್ನ ಕೇಳಿ. ಊರು ಬಿಟ್ಟವರೇ ಹೆಚ್ಚು ಕಳಕೊಂಡವರು, ಪಟ್ಟಿಯಿಂದ ಮೊದಲು ಬೀಳೋದೂ ಅವರೇ. ಬರೆದದ್ದನ್ನು ಕೇರಿಯವರ ಮುಂದೆ ಓದಿ ಹೇಳಿ, ತಪ್ಪಿದ್ದರೆ ಅವರೇ ತಿದ್ದಲಿ. ಅವರನ್ನು ಕೇಳದೆ ಆ ಪುಸ್ತಕ ಯಾರ ಕೈಗೂ ಕೊಡಬೇಡಿ.

'ಲೆಕ್ಕ ಬರೆದ್ರೆ ಹೊಟ್ಟೆ ತುಂಬುತ್ತೇನಪ್ಪ?' ಅಂತ ನಮ್ಮ ಅಜ್ಜಿಯರೇ ಕೇಳ್ತಾರೆ. ತುಂಬೋದಿಲ್ಲ. ಅದನ್ನ ಅವರಿಗೆ ಮೊದಲೇ ಹೇಳಿ. ಪರಿಹಾರ ಕೊಡಿಸ್ತೀವಿ ಅಂತ ಸುಳ್ಳು ಆಸೆ ಹುಟ್ಟಿಸಬೇಡಿ. ಆದರೆ ತಾಲೂಕು ಆಫೀಸಿನ ಮುಂದೆ ಧರಣಿ ಕೂತಾಗ 'ಪುರಾವೆ ಎಲ್ಲಿ?' ಎಂದವರ ಮೇಜಿನ ಮೇಲೆ ಇಡಲು ಏನಾದರೂ ಇರುತ್ತೆ.

ಇದು ನಮ್ಮಿಂದ ಆಗುವ ಕೆಲಸವೇ ಎಂದು ಅಳುಕುವವರಿಗೆ ಒಂದು ಮಾತು. ದರೋಜಿ ಈರಮ್ಮನವರು ಇದೇ ನೆಲದವರು, ಅಲೆಮಾರಿ ಬುಡ್ಗ ಜಂಗಮ ಸಮುದಾಯದ ಬುರ್ರಕಥೆ ಕಲಾವಿದೆ. 2014ರಲ್ಲಿ ತೀರಿಕೊಂಡರು. ಓದು ಬರಹ ಗೊತ್ತಿಲ್ಲದ ಆ ತಾಯಿ ಸಾವಿರಾರು ಪುಟವಾಗುವಷ್ಟು ಕಾವ್ಯವನ್ನು ತಲೆಯಲ್ಲಿ ಇಟ್ಟುಕೊಂಡಿದ್ದರು. ಸ್ಕಾಲರ್‌ಶಿಪ್ ಪಡೆದು ಓದುತ್ತಿರುವ ನಮ್ಮಿಂದ ನಮ್ಮ ಕೇರಿಯ ನಲವತ್ತು ಮನೆಗಳ ಕಥೆ ಬರೆದಿಡಲು ಆಗೋದಿಲ್ಲವೇ?

ಹೊರಗಿನವರು ಬರಲಿ, ಬರೆಯಲಿ. ಅವರು ಬರುವಷ್ಟರಲ್ಲಿ ನಮ್ಮ ಪುಸ್ತಕ ತಯಾರಿರಲಿ. ಅವರು ಹೋದ ಮೇಲೂ ನಾವು ಬರೆಯುತ್ತಿರೋಣ.

ಜೈ ಭೀಮ್.